ಒಂದೇ ತಿಂಗಳಲ್ಲಿ ಹುಟ್ಟಿದ ಕಬ್ಬಿಣ

ಊರಿನವರು ಅವನನ್ನು ತಾರೀಖಪ್ಪ ಎಂದು ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಅವನಿಗೇ ಮರೆತುಹೋಗುವಷ್ಟು ಮೂಲೆ ಸೇರಿತ್ತು. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯ ಕೌಂಟರಿನ ಹಿಂದೆ ನಿಂತೇ ತಲೆ ನರೆಸಿಕೊಂಡವನು. ಯಾವ ಕಾಲದ ಹಳೆ ಟ್ರ್ಯಾಕ್ಟರನ್ನು ಮುಂದೆ ತಂದು ನಿಲ್ಲಿಸಿದರೂ ಸರಿ, ಅದರ ಹೊಟ್ಟೆಯ ಕೆಳಗೆ ನುಸುಳಿ, ಸೀಮೆಎಣ್ಣೆಯ ಬಟ್ಟೆಯಿಂದ ಒಂದು ಮೂಲೆ ಒರೆಸಿ, ಅಲ್ಲಿ ಸೀಮೆಸುಣ್ಣವನ್ನು ಅಡ್ಡಲಾಗಿ ಉಜ್ಜುತ್ತಿದ್ದ. ಕಬ್ಬಿಣದಲ್ಲಿ ಉಬ್ಬಿಕೊಂಡಿದ್ದ ಅಕ್ಷರಗಳು ಬೆಳ್ಳಗೆ ಕಣ್ಣು ಬಿಡುತ್ತಿದ್ದವು. ಅವುಗಳ ಮೇಲೆ ಬೆರಳಾಡಿಸಿ ಹೇಳುತ್ತಿದ್ದ: ಗೇರ್‌ಬಾಕ್ಸು ಇದರದೇ, ಆಕ್ಸಲ್ ಇದರದೇ, ರೇಡಿಯೇಟರ್ ಮಾತ್ರ ಎಲ್ಲಿಂದಲೋ ಬಂದು ಸೇರಿಕೊಂಡ ನೆಂಟ.

ಅವನ ಹೆಂಡತಿ ದರ್ಜಿ. ಮನೆ ಊರಿನ ದೊಡ್ಡ ಬೀದಿಗೆ ಮುಖ ಮಾಡಿಕೊಂಡಿತ್ತು. ಮುಂಗೋಣೆಯ ಕಿಟಕಿಗೆ ಹೊಲಿಗೆ ಯಂತ್ರ ಹಾಕಿಕೊಂಡು, ಬೀದಿಯಲ್ಲಿ ಹೋಗುವವರ ಅಂಗಿಯ ತೋಳು ಗಿಡ್ಡವಾದದ್ದನ್ನು ಕೂತಲ್ಲಿಂದಲೇ ಅಳೆಯುವವಳು. ಬಟ್ಟೆ ಕೊಡಲು ಬಂದವರ ಮುಂದೆ ಗಂಡನನ್ನು ಕಿಚಾಯಿಸದೆ ಬಿಡುತ್ತಿರಲಿಲ್ಲ. ಲೋಕದಲ್ಲಿರುವ ಕಬ್ಬಿಣದ ಮುದ್ದೆಗಳ ಹುಟ್ಟಿದ ದಿನವೆಲ್ಲ ಈ ಮನುಷ್ಯನಿಗೆ ಬಾಯಿಪಾಠ, ಕಟ್ಟಿಕೊಂಡವಳದ್ದು ಮಾತ್ರ ತಿಳಿಯದು, ನನ್ನ ಬೆನ್ನ ಮೇಲೂ ಯಾರಾದರೂ ಉಬ್ಬಕ್ಷರದಲ್ಲಿ ಬರೆದಿಡಬೇಕಿತ್ತು ಎನ್ನುತ್ತಿದ್ದಳು. ಇದೆಲ್ಲ ಮೊದಲಿನ ಮಾತು. ಮಗ ಹೋದಮೇಲೆ ಅವಳ ನಗೆ ಕಡಿಮೆಯಾಯಿತು, ಹೊಲಿಗೆ ಹೆಚ್ಚಾಯಿತು.

ತಾರೀಖಪ್ಪನ ವಿದ್ಯೆ ಹೇಳಿದರೆ ಸರಳ. ಕಾರ್ಖಾನೆಯಲ್ಲಿ ಕಬ್ಬಿಣವನ್ನು ಕರಗಿಸಿ ಮರಳಿನ ಅಚ್ಚಿಗೆ ಎರಕ ಹೊಯ್ಯುವಾಗ ಅಚ್ಚಿನಲ್ಲೇ ಮೂರು ಗುರುತು ಇಡುತ್ತಿದ್ದರು: ತಿಂಗಳಿಗೆ ಒಂದು ಅಕ್ಷರ, ದಿನಕ್ಕೆ ಒಂದು ಸಂಖ್ಯೆ, ವರ್ಷಕ್ಕೆ ಕೊನೆಯ ಒಂದೇ ಅಂಕಿ. ಹೀಗೆ ಹುಟ್ಟಿದ ಭಾಗಗಳು ಕೆಲವೇ ವಾರಗಳಲ್ಲಿ ಒಂದು ಟ್ರ್ಯಾಕ್ಟರಾಗಿ ಕೂಡಿ ಹೊರಬೀಳುತ್ತಿದ್ದವು. ಆದ್ದರಿಂದ ಒಂದು ಟ್ರ್ಯಾಕ್ಟರಿನ ದೊಡ್ಡ ಭಾಗಗಳೆಲ್ಲ ಹೆಚ್ಚುಕಡಿಮೆ ಒಂದೇ ತಿಂಗಳ ಮಕ್ಕಳು. ಯಾವುದಾದರೂ ಭಾಗದ ತಾರೀಖು ಟ್ರ್ಯಾಕ್ಟರಿಗಿಂತ ಈಚಿನದಾದರೆ ಅದು ಆಮೇಲೆ ಸೇರಿಸಿದ್ದು ಎಂದೇ ಅರ್ಥ. ತೊಡಕಿದ್ದದ್ದು ವರ್ಷದಲ್ಲಿ. ಒಂದೇ ಅಂಕಿ ಇರುವುದರಿಂದ ಐದು ಅಂದರೆ ಈ ದಶಕದ ಐದೋ, ಮುಂದಿನ ದಶಕದ ಐದೋ ಗೊತ್ತಾಗುವುದಿಲ್ಲ. ಅಂಕಿಯ ಬಾಗು, ಮರಳಿನ ತರಿ, ಅಂಚಿನ ಒರಟು ನೋಡಿ ಹೇಳಬೇಕು. ಜನ ಅವನ ಬಾಗಿಲಿಗೆ ಬರುತ್ತಿದ್ದದ್ದು ಅದಕ್ಕೇ. ಆ ಒಂದು ಅಂಕಿಯ ವಿಷಯದಲ್ಲಿ ಅವನು ಆಡಿದ್ದೇ ಕಡೆಯ ಮಾತು.

ಅವನಿಗೆ ಒಂದೆರಡು ಪಥ್ಯಗಳಿದ್ದವು. ಟ್ರ್ಯಾಕ್ಟರಿಗೆ ಕಾರ್ಖಾನೆಯವರು ಹೊಡೆದ ಹಿತ್ತಾಳೆಯ ನಂಬರ್ ಪ್ಲೇಟನ್ನು ಮೊದಲು ನೋಡುತ್ತಿರಲಿಲ್ಲ. ಪ್ಲೇಟನ್ನು ಯಾರು ಬೇಕಾದರೂ ಕಿತ್ತು ಯಾವುದಕ್ಕೆ ಬೇಕಾದರೂ ಹೊಡೆಯಬಹುದು. ಅದಕ್ಕೊಂದು ಬಟ್ಟೆ ಮುಚ್ಚಿ ಇಡಿ ಎಂದು ಮೊದಲೇ ಹೇಳಿ ಕಳಿಸುತ್ತಿದ್ದ. ಕಬ್ಬಿಣವೆಲ್ಲ ಮಾತಾಡಿ ಮುಗಿಸಿದ ಮೇಲೆ ಕೊನೆಗೆ ಆ ಬಟ್ಟೆ ತೆಗೆಯುವುದು. ಇನ್ನೊಂದು, ಯಾವ ಕಾರಣಕ್ಕೂ ಭಾಗದ ಮೇಲಿನ ನಂಬರನ್ನು ಅರದಿಂದ ತಿಕ್ಕಿ ಅಳಿಸಕೂಡದು. ಕೆಟ್ಟ ಭಾಗವನ್ನು ಗುಜರಿಗೆ ಹಾಕುವಾಗಲೂ ಅವನು ಅದರ ನಂಬರಿಗೆ ಕೈ ಹಚ್ಚುತ್ತಿರಲಿಲ್ಲ.

ಊರಿನಲ್ಲಿ ಹಳೆ ಟ್ರ್ಯಾಕ್ಟರಿನ ಹುಚ್ಚಿನವರದೊಂದು ಸಂಘವಿತ್ತು. ವರ್ಷಕ್ಕೊಮ್ಮೆ ದೊಡ್ಡ ಬೀದಿಯುದ್ದಕ್ಕೂ ಟ್ರ್ಯಾಕ್ಟರುಗಳ ಮೆರವಣಿಗೆ. ಎಲ್ಲ ಭಾಗವೂ ಮೂಲದ್ದೇ ಎಂದು ತಾರೀಖಪ್ಪ ಒಪ್ಪಿದ ಟ್ರ್ಯಾಕ್ಟರುಗಳು ಮುಂದೆ, ಕಲಬೆರಕೆಯವು ಹಿಂದೆ. ಆ ದಿನ ಅವನ ಹೆಂಡತಿ ಕಿಟಕಿ ಮುಚ್ಚಿಕೊಂಡು ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದಳು.

ಮೋಡ ಮುಸುಕಿದ ಒಂದು ಬೆಳಿಗ್ಗೆ ಲೇತ್ ಅಕ್ಕ ಅವನನ್ನು ಕರೆಯಲು ಬಂದಳು. ಊರಾಚೆ ಶೆಡ್ಡಿನಲ್ಲಿ ಲೇತ್ ಯಂತ್ರ ಇಟ್ಟುಕೊಂಡು ಶಾಫ್ಟು, ಬುಶ್ಶು ಕಡೆದು ಕೊಡುವ ಹೆಂಗಸು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, ದಿನವೆಲ್ಲ ಗಿರಗಿರ ಅನ್ನೋದು ಶೆಡ್ಡಲ್ಲಿ ಒಂದಿದೆ, ಮನೇಲೂ ಇನ್ನೊಂದು ಯಾಕೆ ಎನ್ನುವವಳು. ದುಡಿಮೆಯಿಂದ ಉಳಿದ ಹೊತ್ತನ್ನೆಲ್ಲ ಹಾಕಿ, ವರ್ಷಗಟ್ಟಲೆ ಅಲೆದು, ಅವಳು ಒಂದು ಟ್ರ್ಯಾಕ್ಟರನ್ನು ಭಾಗ ಭಾಗವಾಗಿ ಕೂಡಿಸಿದ್ದಳು. ಈಗ ಅದು ಮುಗಿದಿತ್ತು.

ದಾರಿಯುದ್ದಕ್ಕೂ ಅವಳದೇ ಮಾತು. ಎಂದೋ ಸಂಘದವರ ಮುಂದೆ ತಾರೀಖಪ್ಪ, ಒಂದು ಟ್ರ್ಯಾಕ್ಟರಿನ ಭಾಗಗಳು ಒಡಹುಟ್ಟಿದವರಿದ್ದ ಹಾಗೆ, ಎಲ್ಲೇ ಚದುರಿದ್ದರೂ ತಾರೀಖು ಹಿಡಿದು ಹುಡುಕಿದರೆ ಸಿಗುತ್ತಾರೆ ಎಂದಿದ್ದನಂತೆ. ಅವಳಿಗೆ ಆ ಮಾತು ತಲೆಗೆ ಹತ್ತಿಬಿಟ್ಟಿತು. ಮೊದಲು ಸಿಕ್ಕಿದ್ದು ಹಿಂದಿನ ಆಕ್ಸಲ್, ಮರ ಕೊಯ್ಯುವ ಕಡೆ ಗರಗಸದ ಕೆಳಗೆ ಪೀಠವಾಗಿ ಕೂತಿತ್ತು. ಗೇರ್‌ಬಾಕ್ಸು ಬೇರೊಂದು ಊರಿನ ಗುಜರಿಯಲ್ಲಿ, ಎಂಜಿನ್ನು ಇನ್ನೂ ದೂರದಲ್ಲಿ ನೀರೆತ್ತುವ ಪಂಪಿಗೆ ಜೋತುಬಿದ್ದು. ಬಾನೆಟ್ಟು ನಾಯಿಗೂಡಿನ ಚಾವಣಿಯಾಗಿತ್ತು. ಅದನ್ನು ಬಿಚ್ಚುವಾಗ ನಾಯಿ ಅವಳ ಮೊಣಕೈಗೆ ಬಾಯಿ ಹಾಕಿತು.

“ಅದಕ್ಕೂ ಒರಿಜಿನಲ್ಲೇ ಬೇಕಂತೆ, ಮಾವ,” ಎಂದು ನಕ್ಕಳು.

ಆಮೇಲೆ ನಗು ನಿಲ್ಲಿಸಿ ಹೇಳಿದಳು, ಸಣ್ಣಪುಟ್ಟದ್ದು ಬೇರೆಯಾದರೆ ಬದಲಾಯಿಸಿಕೊಳ್ಳುತ್ತಾಳೆ. ಆದರೆ ಎಂಜಿನ್ನಿನಂಥದ್ದೇ ಬೇರೆಯದು ಎಂದಾದರೆ ಎಲ್ಲವನ್ನೂ ಬಿಚ್ಚಿ ಬೇಕಾದವರಿಗೆ ಹಂಚಿಬಿಡುತ್ತಾಳೆ. ಕಂಡವರ ಕೈಕಾಲು ಹೊಲಿದು ಮಾಡಿದ ಗೊಂಬೆ ಅವಳಿಗೆ ಬೇಡ.

ಶೆಡ್ಡಿನೊಳಗೆ ಕಬ್ಬಿಣದ ಸಿಪ್ಪೆಯ, ಸುಟ್ಟ ಎಣ್ಣೆಯ ವಾಸನೆ. ನಡುವೆ ಟ್ರ್ಯಾಕ್ಟರು ನಿಂತಿತ್ತು. ಬಣ್ಣ ಬಳಿದಿರಲಿಲ್ಲ; ಅವನು ನೋಡಿ ಮುಗಿಸಲಿ ಎಂದು ಬಿಟ್ಟಿದ್ದಳು. ನಂಬರ್ ಪ್ಲೇಟಿಗೆ ಒಗೆದ ಕರವಸ್ತ್ರವನ್ನು ಕಟ್ಟಿದ್ದಳು. ಅಷ್ಟು ಅಚ್ಚುಕಟ್ಟು ಕಂಡು ತಾರೀಖಪ್ಪನಿಗೆ ಖುಷಿಯಾಯಿತು.

ಹಿಂದಿನಿಂದ ಶುರುಮಾಡಿದ. ಆಕ್ಸಲ್ ಓದಿದ, ಸರಿ. ಗೇರ್‌ಬಾಕ್ಸು, ಅದೂ ಅದೇ ತಿಂಗಳು, ಎರಡು ದಿನ ಹಿಂದಿನದು. ಮುಂದಿನ ತೊಲೆ, ಸ್ಟಿಯರಿಂಗಿನ ಪೆಟ್ಟಿಗೆ, ಕ್ಲಚ್ಚಿನ ಗೂಡು, ಒಂದೂ ತಪ್ಪಿರಲಿಲ್ಲ. ಇಷ್ಟು ಸಾಚಾ ಟ್ರ್ಯಾಕ್ಟರನ್ನು ತಾನು ನೋಡಿಯೇ ಎಷ್ಟು ಕಾಲವಾಯಿತೋ ಎಂದುಕೊಂಡ. ಕೊನೆಗೆ ಎಂಜಿನ್ನಿನ ಬ್ಲಾಕಿನ ಪಕ್ಕಕ್ಕೆ ಬಂದು ಮಂಡಿಯೂರಿದ. ಎರಕದ ತಾರೀಖಿನ ಕೆಳಗೆ, ಸಪಾಟಾದ ಜಾಗದಲ್ಲಿ, ಎಂಜಿನ್ ನಂಬರನ್ನು ಕುಟ್ಟಿ ಕೂರಿಸಿರುತ್ತಾರೆ. ಬಟ್ಟೆಯಲ್ಲಿ ಒರೆಸಿ ಬೆರಳಿಟ್ಟ. ಮೂರನೆಯ ಅಂಕಿಯ ಮೇಲೆ ಬೆರಳು ಇದ್ದ ಹಾಗೆಯೇ ನಾಲ್ಕನೆಯದು ಅವನ ಬಾಯಿಗೆ ಬಂತು. ಐದನೆಯದು ಬಂತು. ಬೆರಳು ಅಲ್ಲೇ ನಿಂತಿತ್ತು, ನಂಬರು ತಾನಾಗಿ ಮುಗಿಯಿತು.

ಅದು ಅವನ ಮಗನ ಟ್ರ್ಯಾಕ್ಟರು.

ತಂದೆ ಮಗ ಸೇರಿ ಒಂದು ಕಾಲಕ್ಕೆ ಅದನ್ನು ಮಣ್ಣಿನಿಂದ ಎತ್ತಿದ್ದರು. ತಂದೆಗೆ ಅದು ಪೂಜೆಯ ಹಾಗೆ, ಮಗನಿಗೆ ಕೆಲಸಕ್ಕೆ ಬರುವ ಗಾಡಿ. ಆ ಟ್ರ್ಯಾಕ್ಟರಿನಲ್ಲಿ ಮೂಲದ್ದಲ್ಲದ ಭಾಗ ಒಂದೇ ಇತ್ತು, ಡ್ರಾಬಾರು. ಎಳೆಯಬೇಕಾದ್ದನ್ನು ಕಟ್ಟಲು ಹಿಂದುಗಡೆ, ನೆಲಕ್ಕೆ ಹತ್ತಿರವಾಗಿ ಇರುವ ದಪ್ಪ ಪಟ್ಟಿ. ಅದರ ತಾರೀಖು ಈಚಿನದು. ತಾರೀಖಪ್ಪನಿಗೆ ಅದು ಕಣ್ಣಿನ ಕಸ. ಸರಿಯಾದ್ದು ಸಿಗುವ ಮೊದಲೇ ಅದನ್ನು ಬಿಚ್ಚಿ ಎಸೆದ. ಸಿಕ್ಕಿದ ಮೇಲೆ ಹಾಕಿದರಾಯಿತು, ಅಲ್ಲಿಯವರೆಗೆ ಟ್ರ್ಯಾಕ್ಟರು ಸುಮ್ಮನೆ ನಿಂತಿರಲಿ ಎಂದ. ಟ್ರ್ಯಾಕ್ಟರು ಸುಮ್ಮನೆ ನಿಲ್ಲುತ್ತದೆ, ಕೆಲಸ ನಿಲ್ಲುತ್ತದೆಯೆ? ಗುಡ್ಡದ ಬುಡದ ಹೊಲದಲ್ಲಿ ಒಂದು ಮರದ ಬೊಡ್ಡೆ ಕೀಳಬೇಕಿತ್ತು. ಡ್ರಾಬಾರು ಇಲ್ಲದ್ದಕ್ಕೆ ಮಗ ಸರಪಳಿಯನ್ನು ಎತ್ತರದಲ್ಲಿ, ಆಕ್ಸಲಿಗೇ ಕಟ್ಟಿದ. ಬೊಡ್ಡೆ ಅಲುಗಲಿಲ್ಲ. ಟ್ರ್ಯಾಕ್ಟರಿನ ಮೂತಿ ಮೇಲೆದ್ದು, ಗಾಡಿ ಹಿಂದಕ್ಕೆ ಅವನ ಮೇಲೆಯೇ ಮಗುಚಿತು. ಅಂಥ ಹೊತ್ತಿನಲ್ಲಿ ಕ್ಲಚ್ಚು ತುಳಿಯುವಷ್ಟು ಪುರಸೊತ್ತನ್ನು ಕಬ್ಬಿಣ ಕೊಡುವುದಿಲ್ಲ.

ಹೆಂಡತಿಗೆ ಇದೆಲ್ಲ ಗೊತ್ತಿತ್ತು. ಡ್ರಾಬಾರನ್ನು ಯಾರು ಬಿಚ್ಚಿದರು, ಯಾಕೆ ಬಿಚ್ಚಿದರು, ಎಲ್ಲ. ಆ ವಿಷಯವಾಗಿ ಅವಳು ಅಂದಿನಿಂದ ಒಂದು ಮಾತೂ ಎತ್ತಿರಲಿಲ್ಲ. ಕೇಳಿದ್ದು ಇಷ್ಟೇ: ಅದು ಒಟ್ಟಾಗಿ ನಿಂತಿರುವುದನ್ನು ನಾನು ಬದುಕಿರುವವರೆಗೆ ಇನ್ನೊಮ್ಮೆ ನೋಡಬಾರದು. ಅವನು ಬಿಚ್ಚಿದ. ಒಂದೊಂದು ಭಾಗವನ್ನು ಒಂದೊಂದು ಊರಿಗೆ ಒಯ್ದು ಮಾರಿದ. ನಂಬರುಗಳನ್ನೂ ತಿಕ್ಕಿ ಹಾಕು ಎಂದು ಅವನ ಭಾವಮೈದ ಅರ ಹಿಡಿದುಕೊಂಡೇ ಬಂದಿದ್ದ. ತಾರೀಖಪ್ಪ ಕೈ ಹಿಡಿದು ತಡೆದ. ಮಗನ ಹೆಣದ ಮುಖ ಒರೆಸಿ ಇನ್ನೂ ವಾರವಾಗಿರಲಿಲ್ಲ; ಇನ್ನೊಂದು ಗುರುತನ್ನು ಅಳಿಸಲು ಅವನಿಂದಾಗಲಿಲ್ಲ.

ಹಾಗೆ ಉಳಿದ ನಂಬರುಗಳನ್ನೇ ಹಿಡಿದು, ಅವನೇ ಕಲಿಸಿದ ವಿದ್ಯೆಯಿಂದ, ಲೇತ್ ಅಕ್ಕ ಒಡಹುಟ್ಟಿದವರನ್ನೆಲ್ಲ ಮನೆಗೆ ಕರೆತಂದಿದ್ದಳು. ಅವನು ಎದ್ದು ಹಿಂದಕ್ಕೆ ಹೋಗಿ ನೋಡಿದ. ಡ್ರಾಬಾರು ಇತ್ತು. ಅಂದು ಹುಡುಕಿ ಹುಡುಕಿ ಸಿಗದೇ ಹೋದದ್ದು. ತಿಂಗಳು, ದಿನ, ವರ್ಷ ಎಲ್ಲ ಸರಿ. ಗಟ್ಟಿಯಾಗಿ ಕೂತಿತ್ತು.

“ಏನು ಮಾವ, ಮುಖ ಬಿಳಿಚಿಕೊಂಡಿದೆ,” ಅಂದಳು ಅವಳು. ಹೊಟ್ಟೆ ಸರಿಯಿಲ್ಲ, ನಾಳೆ ಬಂದು ಹೇಳುತ್ತೇನೆ ಎಂದು ಹೇಳಿ ಅವನು ಹೊರಟುಬಂದ.

ಹೆಂಡತಿ ಯಾರದೋ ಕೋಟಿಗೆ ಗುಂಡಿ ಹಚ್ಚುತ್ತಿದ್ದಳು. ಮುಚ್ಚಿಡಬೇಕು ಎಂದುಕೊಂಡೇ ಒಳಗೆ ಬಂದ. ಅವಳು ಕತ್ತೆತ್ತಿ ನೋಡಿದ ಕೂಡಲೇ ಎಲ್ಲ ಬಾಯಿಬಿಟ್ಟ. ಅವಳು ದಾರ ಕಚ್ಚಿ ಕಡಿದು, ಕೋಟನ್ನು ಮಡಿಸಿ ಇಟ್ಟಳು. ಮೆರವಣಿಗೆ ಈ ಬೀದಿಯಲ್ಲೇ ಬರುತ್ತಲ್ಲ ಎಂದು ಕೇಳಿದಳು. ಹೌದೆಂದ. ಮುಂದಿನ ಸಾಲಿನಲ್ಲೇ ಅಲ್ಲವೇ ಎಂದಳು. ಅದಕ್ಕೂ ಹೌದೆಂದ.

“ನೀವು ಅಲ್ಲ ಅಂದ್ರೆ ಅವಳು ಬಿಚ್ತಾಳೆ ಅಂದ್ರಲ್ಲ.”

“ಇವಳೇ, ಅದು ಪೂರ್ತಿ ಸರಿಯಿದೆ. ಹೇಗೆ ಅಲ್ಲ ಅನ್ಲಿ?”

“ನಾನು ಇಷ್ಟು ವರ್ಷ ಒಂದು ಮಾತು ಆಡದೆ ಇದ್ದೆ. ನಿಮಗೋಸ್ಕರ. ನನಗೋಸ್ಕರ ನೀವು ಒಂದು ಮಾತು ಆಡಿ.”

ಅವಳು ಮತ್ತೆ ಕೋಟು ಎತ್ತಿಕೊಂಡಳು. ದೀಪ ಹಚ್ಚುವ ಹೊತ್ತಿಗೆ ಕೋಟಿನ ಗುಂಡಿಗಳೆಲ್ಲ ಮುಗಿದವು. ತಟ್ಟೆ ಇಟ್ಟಳು, ಅವನು ಉಂಡ, ತಟ್ಟೆ ತೊಳೆದಿಟ್ಟಳು. ಅವಳು ಕೇಳಿದ್ದು ಸುಳ್ಳೇ ಇರಬಹುದು, ಕೇಳುವ ಹಕ್ಕು ಅವಳಿಗಿತ್ತು. ಅದನ್ನು ಅವನು ಯಾವ ಸೀಮೆಸುಣ್ಣದಿಂದಲೂ ಉಜ್ಜಿ ನೋಡಬೇಕಾಗಿರಲಿಲ್ಲ.

ಮರುದಿನ ಲೇತ್ ಅಕ್ಕ ಚಹಾ ಕಾಯಿಸಿ ಇಟ್ಟುಕೊಂಡು ಕಾಯುತ್ತಿದ್ದಳು. ತಾರೀಖಪ್ಪ ಲೋಟ ಮುಟ್ಟದೆ ನೇರವಾಗಿ ಬ್ಲಾಕಿನ ಹತ್ತಿರ ಹೋಗಿ ಕೂತ. ಸುಳ್ಳನ್ನು ದಾರಿಯಲ್ಲೇ ಕಡೆದು ನುಣುಪು ಮಾಡಿಕೊಂಡು ಬಂದಿದ್ದ.

“ವರ್ಷದ ಈ ಐದು ನೋಡು. ತಲೆ ಚಪ್ಪಟೆ ಇದೆ. ಮೊದಲಿನ ಅಚ್ಚಲ್ಲಿ ಐದರ ತಲೆ ತುಸು ಬಾಗಿರ್ತಿತ್ತು. ಇದು ಹತ್ತು ವರ್ಷ ಈಚಿನದು. ನಂಬರು ಆಮೇಲೆ ಯಾರೋ ಕುಟ್ಟಿದ್ದು.”

ಅವಳು ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದಳು. ಗೇರ್‌ಬಾಕ್ಸಿನ ಐದೂ ಹೀಗೇ ಇದೆಯಲ್ಲ ಎಂದು ಮೆಲ್ಲಗೆ ಕೇಳಿದಳು. ಗೇರ್‌ಬಾಕ್ಸಿನ ಎರಕದ ಮನೆ ಬೇರೆ, ಬ್ಲಾಕಿನದು ಬೇರೆ, ಅಲ್ಲಿನ ಅಚ್ಚೇ ಬೇರೆ ಎಂದ. ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ಅವಳು ಟಾರ್ಚು ಆರಿಸಿದಳು. ಕೂಗಾಡಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

“ಇದು ನನಗೆ ಗೊತ್ತೇ ಇರ್ಲಿಲ್ಲ, ಮಾವ. ಹೋಗ್ಲಿ ಬಿಡಿ, ಒಂದು ಕಲಿತ ಹಾಗಾಯ್ತು.”

ಬ್ಲಾಕಿನ ಮೇಲಿದ್ದ ಸೀಮೆಸುಣ್ಣವನ್ನು ಅಂಗೈಯಿಂದ ಒರೆಸಿದಳು. ಪ್ಲೇಟಿನ ಕರವಸ್ತ್ರವನ್ನು ಬಿಚ್ಚಿ ಅದರಲ್ಲೇ ಕೈ ಒರೆಸಿಕೊಂಡಳು. ಗೋಡೆಗೆ ನೇತುಹಾಕಿದ್ದ ಸ್ಪ್ಯಾನರುಗಳಲ್ಲಿ ಒಂದನ್ನು ಆರಿಸಿ ತೆಗೆದಳು. ಅವನು ಹೊರಗೆ ಬಂದು ರಸ್ತೆಯ ತಿರುವಿನವರೆಗೆ ನಡೆದರೂ ಬೋಲ್ಟು ಸಡಿಲವಾಗುವ ಕೀರಲು ಕೇಳುತ್ತಿತ್ತು.

ಮನೆಗೆ ಬಂದು ಹೇಳಿದ್ದಾಯಿತು ಎಂದ. ಹೆಂಡತಿ ತಲೆಯಾಡಿಸಿದಳು. ಅವಳಿಗೆ ಇನ್ನು ನೆಮ್ಮದಿ ಎಂದು ಅವನೂ, ಬಹುಶಃ ಅವಳೂ, ಅಂದುಕೊಂಡಿದ್ದರು. ಕೆಲವು ದಿನದ ಮೇಲೆ, ಅಳತೆಯ ಟೇಪು ಸುತ್ತುತ್ತಾ, ಅವನ ಮುಖ ನೋಡದೆ ಕೇಳಿದಳು:

“ಅವಳು ಅತ್ತಳಾ?”

“ಇಲ್ಲ.”

“ಅತ್ತಿದ್ರೆ ಚೆನ್ನಾಗಿತ್ತು.”

ಆ ವರ್ಷದ ಮೆರವಣಿಗೆಯಲ್ಲಿ ಲೇತ್ ಅಕ್ಕನ ಟ್ರ್ಯಾಕ್ಟರು ಇರಲಿಲ್ಲ. ಹೆಂಡತಿ ಎಂದಿನಂತೆ ಹಿಂದಿನ ಕೋಣೆಯಲ್ಲೇ ಕೂತಿದ್ದಳು.

ಆಮೇಲೆ ಒಂದು ದಿನ ಸಂಘದವನೊಬ್ಬ ಬಂದ. ಇಟ್ಟಿಗೆ ಭಟ್ಟಿಯ ಯಜಮಾನ, ಗಟ್ಟಿ ಗಂಟಲಿನವನು. ಕಿಟಕಿಯ ಹೊರಗೇ ನಿಂತು, ನಿಮ್ಮ ಯಜಮಾನರಿಗೆ ಒಂದು ನಮಸ್ಕಾರ ಹೇಳೋಣ ಅಂತ ಬಂದೆ ಎಂದು ಹೆಂಡತಿಗೆ ಹೇಳಿದ. ತಾರೀಖಪ್ಪ ಒಳಗಿನಿಂದ ಬಂದ. ಭಟ್ಟಿಯವನ ಹತ್ತಿರವೂ ಅದೇ ಕಾಲದ ಟ್ರ್ಯಾಕ್ಟರು ಇತ್ತಂತೆ. ಅಪ್ಪನ ಕಾಲದಿಂದ ಮನೆಯಲ್ಲೇ ಇದ್ದದ್ದು, ಎಲ್ಲ ಮೂಲದ್ದೇ ಎಂದು ನಂಬಿ ಕೂತಿದ್ದ. ಲೇತ್ ಅಕ್ಕ ಚಪ್ಪಟೆ ಐದರ ಗುಟ್ಟು ಹೇಳಿಕೊಟ್ಟಮೇಲೆ ಹೋಗಿ ನೋಡಿದರೆ ತನ್ನ ಬ್ಲಾಕಿನಲ್ಲೂ ಅದೇ ಐದು. ಅಪ್ಪ ಯಾವಾಗಲೋ ನಮಗೆ ಹೇಳದೆ ಎಂಜಿನ್ ಬದಲಾಯಿಸಿದ್ದ ಅನ್ನಿ, ಮುದುಕ ಸಾಯೋವರೆಗೂ ಎಲ್ಲ ಒರಿಜಿನಲ್ ಅಂತ ಸುಳ್ಳು ಹೇಳಿಕೊಂಡೇ ಬಂದ ಎಂದು ನಕ್ಕ. ಆ ಬ್ಲಾಕನ್ನು ಕಿತ್ತು ಕುಲುಮೆಗೆ ಹಾಕಿಸಿದ್ದಾನೆ. ಬಾಗಿದ ತಲೆಯ ಐದು ಇರುವ ಬ್ಲಾಕು ಎಲ್ಲಿ ಸಿಗಬಹುದು ಎಂದು ಕೇಳಲು ಬಂದಿದ್ದ.

ಬಾಗಿದ ತಲೆಯ ಐದು ಈ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ವಿಚಾರಿಸಿ ಹೇಳುತ್ತಾರೆ ಎಂದು ಹೆಂಡತಿಯೇ ಬಂದವನನ್ನು ಸಾಗಹಾಕಿದಳು. ಬಾಗಿಲು ಹಾಕಿ ಬಂದು ಹೊಲಿಗೆ ಯಂತ್ರದ ಮುಂದೆ ಕೂತವಳು ಕಾಲನ್ನು ಪೆಡಲಿನ ಮೇಲಿಟ್ಟು ತುಳಿಯದೆ ಹಾಗೇ ಇದ್ದಳು.

“ಸತ್ತವರ ಮೇಲೆ ಹಾಕಿದ ಹಾಗಾಯ್ತಲ್ರೀ,” ಎಂದಳು ಕೊನೆಗೆ. “ಆ ಅಪ್ಪ ಏನು ಮಾಡಿದ್ದ?”

ಪೆಡಲಿನಿಂದ ಕಾಲು ತೆಗೆದು ಎದ್ದು ನಿಂತಳು.

“ಏಳಿ. ಅವಳ ಹತ್ರ ಹೋಗೋಣ. ಆಡಿಸಿದ್ದು ನಾನು, ನಾನೂ ಬರ್ತೀನಿ.”

ಇಬ್ಬರೂ ನಡೆದುಕೊಂಡೇ ಹೋದರು. ಲೇತ್ ಅಕ್ಕ ಇಬ್ಬರನ್ನೂ ನೋಡಿ ಯಂತ್ರ ನಿಲ್ಲಿಸಿ, ಹೆಂಡತಿಗೆ ಸ್ಟೂಲು ಎಳೆದು ಕೊಟ್ಟಳು. ತಾರೀಖಪ್ಪ ನಿಂತೇ ಹೇಳಿದ. ಐದು ಸರಿಯಿತ್ತು, ಬ್ಲಾಕು ಸರಿಯಿತ್ತು, ನೀನು ಕೂಡಿಸಿದ್ದರಲ್ಲಿ ತಪ್ಪು ಒಂದೂ ಇರಲಿಲ್ಲ. ಮಗನ ವಿಷಯಕ್ಕೆ ಬಂದಾಗ ಅವನು ಹೆಂಡತಿಯತ್ತ ತಿರುಗಿದ. ಅದನ್ನು ಹೆಂಡತಿ ಹೇಳಿದಳು. ಡ್ರಾಬಾರಿನ ಕಥೆಯನ್ನೂ ಹೇಳಿದಳು. ಗಂಡನ ಎದುರು ಅವಳು ಆ ಮಾತನ್ನು ಗಟ್ಟಿಯಾಗಿ ಆಡಿದ್ದು ಅದೇ ಮೊದಲು, ಅದೂ ಮೂರನೆಯವರ ಮುಂದೆ.

ಲೇತ್ ಅಕ್ಕ ಕೈಯಲ್ಲಿದ್ದ ಕಬ್ಬಿಣದ ಸಿಪ್ಪೆಯನ್ನು ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ಬೆರಳು ಕೊಯ್ದು ರಕ್ತ ಬಂದದ್ದೂ ತಿಳಿದ ಹಾಗಿರಲಿಲ್ಲ. ಬ್ಲಾಕು ಇನ್ನು ಯಾರಿಗೂ ಬೇಡ ಎಂದು ಅವಳೂ ಅದನ್ನು ಕುಲುಮೆಗೇ ಕಳಿಸಿದ್ದಳು. ಉಳಿದದ್ದು ಯಾರು ಯಾರ ಕೈ ಸೇರಿತೋ.

“ನಿಜ ಹೇಳಿದ್ರೆ ನಾನೇ ಬಿಚ್ತಿದ್ದೆ, ಮಾವ,” ಎಂದಳು. “ಕೇಳಿದ್ರೆ ಸಾಕಿತ್ತು.”

ಅವರಿಬ್ಬರಿಗೂ ಅದು ಹೊಳೆದೇ ಇರಲಿಲ್ಲ. ಹೆಂಡತಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

ಲೇತ್ ಅಕ್ಕ ಮತ್ತೆ ಹೇಳಿದಳು. ಚಪ್ಪಟೆ ಐದರ ಮಾತನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ, ಅದೂ ನಿಮ್ಮ ಹೆಸರಿನಲ್ಲಿ. ನಾನು ಹೋಗಿ ಅಲ್ಲ ಅಂದರೆ ಯಾರೂ ನಂಬುವುದಿಲ್ಲ. ನೀವೇ ಹೋಗಬೇಕು, ಒಬ್ಬೊಬ್ಬರ ಶೆಡ್ಡಿಗೂ. ಇಷ್ಟು ಹೇಳಿ ಎದ್ದು ಯಂತ್ರ ಹಾಕಿದಳು. ಅದು ತಿರುಗತೊಡಗಿದ ಮೇಲೆ ಅಲ್ಲಿ ಯಾರ ಮಾತೂ ಯಾರಿಗೂ ಕೇಳುವಂತಿರಲಿಲ್ಲ.

ತಾರೀಖಪ್ಪ ಹೋದ. ಒಬ್ಬ ನಕ್ಕು, ವಯಸ್ಸಾಯಿತು ಮಾವ, ಮನೆಯಲ್ಲಿ ಕೂತುಕೊಳ್ಳಿ ಎಂದ. ಇನ್ನೊಬ್ಬ, ಹಾಗಾದರೆ ನೀವು ಹಿಂದೆ ಹೇಳಿದ್ದರಲ್ಲಿ ನಿಜ ಯಾವುದು ಸುಳ್ಳು ಯಾವುದು ಎಂದು ಬಾಗಿಲಲ್ಲೇ ನಿಲ್ಲಿಸಿ ಕೇಳಿದ. ಮತ್ತೊಬ್ಬನ ಹೆಂಡತಿ ಅವನು ಮನೆಯಲ್ಲಿಲ್ಲ ಅಂದಳು. ಒಳಗೆ ಅವನ ಕೆಮ್ಮು ಕೇಳುತ್ತಿತ್ತು. ಟ್ರ್ಯಾಕ್ಟರು ತೋರಿಸಲು ಇನ್ನು ಯಾರೂ ತನ್ನನ್ನು ಕರೆಯುವುದಿಲ್ಲ ಎಂದು ಅವನಿಗೆ ನಡೆಯುತ್ತಲೇ ಅರ್ಥವಾಗುತ್ತಿತ್ತು. ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ತಾನಿದ್ದರೂ ಕರೆಯುತ್ತಿರಲಿಲ್ಲ.

ಇಟ್ಟಿಗೆ ಭಟ್ಟಿಯ ಯಜಮಾನನ ಬಳಿಗೆ ಕಡೆಯಲ್ಲಿ ಹೋದ. ಆ ಗಟ್ಟಿ ಗಂಟಲಿನವನು ಪೂರ್ತಿ ಕೇಳಿ, ಅವನನ್ನು ಒಳಗೆ ಕರೆದುಕೊಂಡು ಹೋಗಿ ಟ್ರ್ಯಾಕ್ಟರಿನ ಮುಂದೆ ನಿಲ್ಲಿಸಿದ. ಬಾನೆಟ್ಟು ಎತ್ತಿ ಹಿಡಿದ. ಎಂಜಿನ್ನು ಇರಬೇಕಾಗಿದ್ದ ಜಾಗದಲ್ಲಿ, ಮುಂಭಾಗ ಕುಸಿಯದಿರಲೆಂದು, ಒಂದು ಮರದ ದಿಮ್ಮಿಯನ್ನು ಆಸರೆ ಕೊಟ್ಟಿದ್ದರು.

“ನಮ್ಮಪ್ಪ ಸುಳ್ಳು ಹೇಳಿರ್ಲಿಲ್ಲ ಅಲ್ವಾ?” ಎಂದು ಅವನು ಕೇಳಿದ.

“ಇಲ್ಲ,” ಎಂದ ತಾರೀಖಪ್ಪ. “ಅವರು ಹೇಳಿದ್ದೇ ನಿಜ.”

ಆ ದೊಡ್ಡ ಮನುಷ್ಯ ಬಾನೆಟ್ಟನ್ನು ಸದ್ದಾಗದಂತೆ ಇಳಿಸಿದ. ಆಮೇಲೆ ಗೋಡೆಯ ಕಡೆ ತಿರುಗಿ ನಿಂತುಕೊಂಡ.